ಕಾಕಾ ಕಾಲೇಲಕರರ ನದಿಗಳು: ತಾಯಿ, ರಾಣಿ, ಗೆಳತಿ

ಕಾಕಾ ಕಾಲೇಲಕರರ ನದಿ ಪ್ರಬಂಧ ನನಗೆ ಮೊದಲು ಎದುರಾದದ್ದು ಹಿಂದಿ ತರಗತಿಯಲ್ಲಿ. 'ದಕ್ಷಿಣಗಂಗಾ ಗೋದಾವರಿ' ಎಂಬ ಪಾಠ. ಕಠಿಣ ಪದಗಳ ಅರ್ಥವನ್ನೂ ಹತ್ತು ಅಂಕದ ಒಂದು ಉತ್ತರವನ್ನೂ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತೆ. ಎಷ್ಟೋ ವರ್ಷಗಳ ನಂತರ 'ಜೀವನಲೀಲಾ' ಪುಸ್ತಕವನ್ನು ಇಡಿಯಾಗಿ ಓದಲು ಕುಳಿತಾಗ ಆಶ್ಚರ್ಯವಾಯಿತು. ಅದರಲ್ಲಿ ನಮ್ಮ ನದಿಗಳೇ ಎಷ್ಟೊಂದು! ಮಾರ್ಕಂಡೇಯ, ಕೃಷ್ಣಾ, ತುಂಗಭದ್ರಾ, ಶರಾವತಿ. ಮಿಕ್ಕ ನದಿಗಳ ಬಗ್ಗೆ ಬರೆಯುವಾಗ ಯಾತ್ರಿಕನಂತೆ ಕಾಣುವ ಈ ಲೇಖಕ, ಇವುಗಳ ಹತ್ತಿರ ಬಂದಾಗ ಮನೆಗೆ ಬಂದವನಂತೆ ಮಾತಾಡುತ್ತಾನೆ.

ಅದಕ್ಕೆ ಕಾರಣವಿದೆ. ಕಾಲೇಲಕರ್ ಹುಟ್ಟಿದ್ದು 1885ರಲ್ಲಿ, ಸಾತಾರದಲ್ಲಿ. ಮನೆಮಾತು ಮರಾಠಿ. ತಂದೆಯ ಸರ್ಕಾರಿ ನೌಕರಿಯಿಂದಾಗಿ ಬಾಲ್ಯದ ಬಹುಭಾಗ ಬೆಳಗಾವಿ, ಕಾರವಾರ, ಧಾರವಾಡಗಳ ಕಡೆ ಕಳೆಯಿತು. ಮುಂದೆ ಗಾಂಧೀಜಿಯ ಆಶ್ರಮ ಸೇರಿ ಗುಜರಾತಿಯಲ್ಲಿ ಬರೆಯತೊಡಗಿದರು. ಗಾಂಧೀಜಿ ಅವರನ್ನು 'ಸವಾಯಿ ಗುಜರಾತಿ' ಎಂದು ಕರೆದರು, ಅಂದರೆ ಗುಜರಾತಿಗಳಿಗಿಂತ ಕಾಲುಪಾಲು ಹೆಚ್ಚೇ ಗುಜರಾತಿ. ಅವರ ನದಿ ಬರಹಗಳು ಮೊದಲು 'ಲೋಕಮಾತಾ' ಎಂಬ ಹೆಸರಿನಲ್ಲಿ ಬಂದು, ಆಮೇಲೆ ಬೆಳೆದು 'ಜೀವನಲೀಲಾ' ಆದವು. ಸಂಸ್ಕೃತದಲ್ಲಿ 'ಜೀವನ' ಎಂದರೆ ಬಾಳೂ ಹೌದು, ನೀರೂ ಹೌದು. ಪುಸ್ತಕದ ತತ್ವವೆಲ್ಲ ಆ ಒಂದು ಶ್ಲೇಷೆಯಲ್ಲಿದೆ.

ಈ ಪ್ರಬಂಧಗಳು ಸುಂದರವಾಗಿವೆ ಎಂದಷ್ಟೇ ಹೇಳಿದರೆ ವಿಮರ್ಶೆಯಾಗುವುದಿಲ್ಲ. ಆ ಸೌಂದರ್ಯ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಕಾಲೇಲಕರರು ನೀರಿನ ಬಣ್ಣ, ಅಲೆಯ ಕುಣಿತಗಳನ್ನು ವರ್ಣಿಸುತ್ತಾರೆ, ನಿಜ. ಆದರೆ ಅವರೊಳಗಿನ ಮೇಷ್ಟ್ರು ಅಲ್ಲಿಗೇ ನಿಲ್ಲುವವರಲ್ಲ. ರಾಜಮಹೇಂದ್ರಿಯ ಬಳಿ ಮಳೆಗಾಲದ ಗೋದಾವರಿಯನ್ನು ರೈಲಿನಿಂದ ಕಂಡಾಗ, ಹರವಾದ ಆ ಕೆನ್ನೀರಿನ ಜೊತೆಗೆ ಪಂಚವಟಿಯ ರಾಮನ ದುಃಖವೂ ಅವರಿಗೆ ಕಾಣುತ್ತದೆ. ತುಂಗಭದ್ರೆಯನ್ನು ಅವರು ವೇದಗಳ ದಾದಿ ಎನ್ನುತ್ತಾರೆ. ಆ ದಡದ ವಿಜಯನಗರದಲ್ಲಿ ಸಾಯಣರು ವೇದಗಳಿಗೆ ಭಾಷ್ಯ ಬರೆದರಲ್ಲ, ಆ ಲೆಕ್ಕದಲ್ಲಿ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ನಮ್ಮ ಅಜ್ಜಿಯರು ನಾಲಿಗೆಯ ರುಚಿಯಲ್ಲಿ ಅಳೆದ ನದಿಯನ್ನು ಇವರು ವಿದ್ಯೆಯಲ್ಲಿ ಅಳೆಯುತ್ತಾರೆ. ಒಂದು ನದಿ ಎಂದರೆ ಒಂದು ಬೆಟ್ಟ, ಒಂದು ಊರು, ಒಂದು ಬೆಳೆ, ಒಂದು ಕಥೆ ಎಲ್ಲವನ್ನೂ ಪೋಣಿಸಿದ ದಾರ. ದೇಶ ಇನ್ನೂ ಪರರ ಕೈಯಲ್ಲಿದ್ದ ಕಾಲದಲ್ಲಿ ಆ ದಾರ ಹಿಡಿದು ದೇಶವನ್ನು ಓದುವುದನ್ನು ಅವರು ಓದುಗರಿಗೆ ಕಲಿಸಿದರು. ಗಡಿಗೆರೆಗಳ ನಕ್ಷೆಗಿಂತ ಇದು ಬೇರೆಯ ನಕ್ಷೆ.

ನನ್ನ ತಕರಾರು ಇರುವುದು ಅವರು ನದಿಗಳಿಗೆ ಕೊಡುವ ಸಂಬಂಧವಾಚಕಗಳ ಬಗ್ಗೆ. ಗಂಗೆ ಅವರಿಗೆ 'ಮೈಯಾ', ಯಮುನೆ 'ರಾಣಿ', ಒಟ್ಟಾರೆ ನದಿಗಳೆಲ್ಲ 'ಲೋಕಮಾತೆ'ಯರು. ತಾಯಿ ಎನ್ನುವುದು ದೊಡ್ಡ ಮಾತು, ಆದರೆ ಅನುಕೂಲದ ಮಾತು ಕೂಡ. ತಾಯಿ ಕೊಡುತ್ತಲೇ ಇರುತ್ತಾಳೆ. ಎಷ್ಟು ಕೊಳೆ ಮಾಡಿದರೂ ತೊಳೆಯುತ್ತಾಳೆ, ಕೇಳದೆಯೇ ಕ್ಷಮಿಸುತ್ತಾಳೆ. ನದಿಗೆ ಬಾಗಿನ ಬಿಟ್ಟು ಕೈಮುಗಿದವರೇ ಮರುಗಳಿಗೆ ಪ್ಲಾಸ್ಟಿಕ್ ಚೀಲವನ್ನೂ ಅದೇ ನೀರಿಗೆ ಎಸೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅವರ ಭಕ್ತಿ ಸುಳ್ಳಲ್ಲ. ತಾಯಿಗೆ ನೋವಾಗುತ್ತದೆ ಎಂಬುದೇ ಆ ಭಕ್ತಿಯ ಲೆಕ್ಕದಲ್ಲಿ ಇಲ್ಲ. ಕಾಲೇಲಕರರ ಗದ್ಯವೂ ದೊಡ್ಡ ನದಿಗಳ ಎದುರು ನಿಂತಾಗ ಸ್ತೋತ್ರದ ಲಯಕ್ಕೆ ಜಾರುತ್ತದೆ. ಅಲ್ಲಿ ಓದುಗ ಕೈಮುಗಿಯಬಹುದು, ಪ್ರಶ್ನೆ ಕೇಳಲಾರ.

ಹಾಗಾಗಿಯೇ ನನಗೆ ಪುಸ್ತಕದ ಅತ್ಯುತ್ತಮ ಬರಹ 'ಸಖೀ ಮಾರ್ಕಂಡೀ'. ತೀರಾ ಚಿಕ್ಕ ಪ್ರಬಂಧ. ಬೆಳಗಾವಿಯ ಹತ್ತಿರ ಬೆಳಗುಂದಿಯಲ್ಲಿ ಅವರ ಕುಟುಂಬದ ಹೊಲ, ಪಕ್ಕದಲ್ಲಿ ವೈಜನಾಥ ಬೆಟ್ಟ, ಹೊಲದ ಅಂಚಿನಲ್ಲಿ ಹರಿಯುವ ಮಾರ್ಕಂಡೇಯ ನದಿ. ಎಲ್ಲ ನದಿಗಳನ್ನೂ ತಾಯಿ ಎನ್ನಬೇಕೇ ಎಂದು ಅವರು ಶುರುವಿನಲ್ಲೇ ತಮ್ಮನ್ನು ತಾವು ಕೇಳಿಕೊಳ್ಳುತ್ತಾರೆ. ಇವಳು ಎಷ್ಟು ಸಣ್ಣವಳೆಂದರೆ ಅಕ್ಕ ಎನ್ನುವುದಕ್ಕೂ ಆಗದು, ಹಾಗಾಗಿ ಗೆಳತಿ. ಅತ್ತಿಮರದ ನೆರಳಲ್ಲಿ ಕುಳಿತು ಅವಳೊಂದಿಗೆ ಕಳೆದ ಹೊತ್ತಿನ ನೆನಪು, ಯಮನಿಂದ ಪಾರಾದ ಬಾಲಕ ಮಾರ್ಕಂಡೇಯನ ಕಥೆ, ಇಷ್ಟೇ ಅಲ್ಲಿರುವುದು. ಲೇಖಕರ ದನಿ ಇಲ್ಲಿ ಇಳಿದಿದೆ. ತಾನೇ ಕಟ್ಟಿದ 'ಲೋಕಮಾತೆ' ಎಂಬ ಚೌಕಟ್ಟನ್ನು ತಾನೇ ಅನುಮಾನಿಸುವ ಧೈರ್ಯ ಈ ಪುಟಗಳಲ್ಲಿದೆ. ಗೆಳತಿ ಸರೀಕಳು. ಅವಳು ಸೊರಗಿದರೆ ಕಣ್ಣಿಗೆ ಬೀಳುತ್ತದೆ, ಮಾತು ಬಿಟ್ಟರೆ ಏಕೆಂದು ಕೇಳಲೇಬೇಕಾಗುತ್ತದೆ.

ಜೋಗದ ಪ್ರಬಂಧಗಳಲ್ಲಿ ಈ ಎರಡು ಮನೋಭಾವಗಳೂ ಮುಖಾಮುಖಿಯಾಗುತ್ತವೆ. 1927ರಲ್ಲಿ ಗಾಂಧೀಜಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಸಾಗರದವರೆಗೆ ಬಂದಿದ್ದರು. ಇಷ್ಟು ಹತ್ತಿರ ಬಂದು ಜೋಗ ನೋಡದೆ ಹೋಗುವುದೇ ಎಂದು ಕಾಲೇಲಕರರು ಒತ್ತಾಯಿಸಿದರೂ ಗಾಂಧೀಜಿ ಒಪ್ಪಲಿಲ್ಲ. ಮಳೆನೀರು ಅದಕ್ಕಿಂತ ಎತ್ತರದಿಂದ ಬೀಳುತ್ತದಲ್ಲ ಎಂದು ನಕ್ಕು ಬಿಟ್ಟರು. ಕಾಲೇಲಕರರು ಹೋದರು, ನೋಡಿದರು, ಮೈಮರೆತು ಬರೆದರು. ನಂತರವೂ ಹೋದರು, ಅವರ ಪುಸ್ತಕದಲ್ಲಿ ಜೋಗದ ಮರುದರ್ಶನದ ಪ್ರಬಂಧವೂ ಇದೆ, ಒಣಗಿದ ಜೋಗದ ಬಗ್ಗೆಯೂ ಒಂದಿದೆ. ತುಂಬಿದ ಜಲಪಾತದ ಭಕ್ತರಾಗಿದ್ದವರು ಒಣಬಂಡೆಯ ಬಗ್ಗೆಯೂ ಬರೆಯಬೇಕೆಂದುಕೊಂಡರಲ್ಲ, ಅದು ಗೆಳೆತನದ ಲಕ್ಷಣ ಎಂದು ನನಗನ್ನಿಸುತ್ತದೆ. ಇನ್ನೊಂದು ಸಂಗತಿ: 1948ರಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯಲು ಶುರುಮಾಡಿದ ಜೋಗದ ವಿದ್ಯುದಾಗಾರಕ್ಕೆ ಇಂದು ಇರುವುದು ಜಲಪಾತ ನೋಡಲು ಒಲ್ಲೆನೆಂದ ಆ ಮಹಾತ್ಮನ ಹೆಸರು.

ಆದರೂ ಕಾಲೇಲಕರರ ಶರಾವತಿ ಜಲಪಾತದ ತುದಿಯಲ್ಲಿ ನಿಂತು ನೋಡಿದ ಶರಾವತಿ. ಅವಳ ಹಿಂದೆ, ಮೇಲ್ಗಡೆ ಕಣಿವೆಯಲ್ಲಿ, ಅಡಿಕೆ ತೋಟಗಳಿದ್ದವು, ಗದ್ದೆಗಳಿದ್ದವು, ಮನೆಗಳಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವೆಲ್ಲ ನೀರಿನಡಿ ಹೋದವು. ಆ ಬದುಕನ್ನು ಕಾಣಲು ಕನ್ನಡದ ಓದುಗ ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳ ಬಳಿಗೇ ಹೋಗಬೇಕು. 'ದ್ವೀಪ'ದಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಮನೆಯತ್ತ ಏರಿಬರುತ್ತದೆ. ಅದನ್ನು ಯಾರೂ ತಾಯಿ ಎಂದು ಹೊಗಳುವ ಸ್ಥಿತಿಯಲ್ಲಿಲ್ಲ. ನದಿಯನ್ನು ನೋಡಲು ಬಂದವನು ಬರೆದದ್ದಕ್ಕೂ ನದಿಯ ಮಗ್ಗುಲಲ್ಲಿ ಬದುಕಿದವನು ಬರೆದದ್ದಕ್ಕೂ ಇರುವ ಅಂತರ ಇದು.

ಹಾಗೆಂದು ಮೊದಲನೆಯದನ್ನು ತಳ್ಳಿಹಾಕಲಾರೆ. 'ಲೋಕಮಾತಾ' ಬಂದ ಕಾಲದಲ್ಲಿ ನಮ್ಮ ದೊಡ್ಡ ಅಣೆಕಟ್ಟುಗಳಲ್ಲಿ ಬಹಳಷ್ಟು ಇನ್ನೂ ಕಾಗದದ ಮೇಲೂ ಇರಲಿಲ್ಲ. ಮುಂದೆ ಆಗಲಿರುವುದನ್ನು ಬರೆಯಲಿಲ್ಲವೆಂದು ಲೇಖಕನನ್ನು ದೂರುವುದು ನ್ಯಾಯವಲ್ಲ. ಮೇಲಾಗಿ, ಒಂದು ನದಿಯನ್ನು ಕಳೆದುಕೊಂಡೆವು ಎಂದು ಮರುಗಬೇಕಾದರೆ ಅದು ಏನಾಗಿತ್ತು ಎಂದು ಯಾರಾದರೂ ಮೊದಲು ಮನಸಾರೆ ಬರೆದಿಟ್ಟಿರಬೇಕು. ಡಿಸೋಜರ ದುಃಖವನ್ನು ಪೂರ್ತಿ ಅರಿಯಲು ಕಾಲೇಲಕರರ ಸಂಭ್ರಮವೂ ಬೇಕು. ಎರಡನ್ನೂ ಜೊತೆಗಿಟ್ಟು ಓದಿ ಎಂದು ವಿದ್ಯಾರ್ಥಿ ಮಿತ್ರರಿಗೆ ನಾನು ಹೇಳುವುದು ಅದಕ್ಕೇ.

ಈ ಲೇಖನ ಬರೆಯುವ ಮೊದಲು ಬೆಳಗುಂದಿಯ ಕಡೆ ಒಮ್ಮೆ ಹೋಗಿಬಂದೆ. ಬೇಸಿಗೆ. ಮಾರ್ಕಂಡೇಯದಲ್ಲಿ ಅಲ್ಲಲ್ಲಿ ಮಡುಗಟ್ಟಿದ ನೀರು, ನಡುವೆ ಕಲ್ಲು. ಇದೇ ನದಿಗೆ ರಕ್ಕಸಕೊಪ್ಪದಲ್ಲಿ ಅಣೆ ಕಟ್ಟಿ ಬೆಳಗಾವಿ ನಗರಕ್ಕೆ ಕುಡಿಯುವ ನೀರು ಒಯ್ಯುತ್ತಾರೆ. ಆ ರಾತ್ರಿ ಬೆಳಗಾವಿಯ ನಂಟರ ಮನೆಯಲ್ಲಿ ಉಳಿದಿದ್ದೆ. ನಲ್ಲಿ ತಿರುಗಿಸಿ ಕೈತೊಳೆಯುವಾಗ ಈ ನೀರು ಅವಳದೇ ಇರಬೇಕು ಅನಿಸಿತು. ಎಂದಿಗಿಂತ ಸ್ವಲ್ಪ ಬೇಗ ನಲ್ಲಿ ನಿಲ್ಲಿಸಿದೆ.