ಹುಲಿ-ಕುರಿಯಾಟ

1791ರಲ್ಲಿ ಇಂಗ್ಲಿಷ್ ದಂಡಿಗೆ ಕೈವಶವಾಗದೆ ಉಳಿದ ಕೃಷ್ಣಗಿರಿ ದುರ್ಗದ ಸೀಮೆಯಲ್ಲಿ, ತಮಿಳರು ಆಡು-ಪುಲಿಯೆಂದೂ ಹೊಸೂರಿನ ಕನ್ನಡಿಗರು ಹುಲಿ-ಕುರಿಯೆಂದೂ ಕರೆಯುವ ಯುದ್ಧಕ್ರೀಡೆಗೆ ಬೇಕಾಗುವ ಸಾಮಗ್ರಿಯಾದರೋ ಅತ್ಯಲ್ಪ: ಜಗಲಿಯ ಮೇಲೆ ಇದ್ದಲಿನಿಂದ ಗೀಚಿದ, 23 ಸಂಧಿಗಳುಳ್ಳ ತ್ರಿಕೋಣ; ಹುಲಿಗಳಾಗಿ 3 ಹುಣಿಸೆಬೀಜ, ಕುರಿಗಳಾಗಿ 15 ಹರಳುಕಲ್ಲು. ಪಕ್ಕದ ಕುರಿಯನ್ನು ಲಂಘಿಸಿ ಆಚೆಯ ಬರಿಮನೆಗಿಳಿದು ಭಕ್ಷಿಸುವ ಸ್ವಾತಂತ್ರ್ಯ ಹುಲಿಗುಂಟು. ಕುರಿಗಳಿಗೋ, ಎಲ್ಲವೂ ಮನೆ ಸೇರುವವರೆಗೆ ಒಂದಡಿ ಸರಿಯುವ ಹಕ್ಕೂ ಇಲ್ಲ. ಆದರೂ ಒಂದಕ್ಕೊಂದು ಬೆನ್ನುಗಾವಲಾಗಿ ನಿಂತು, ಹಾದಿಗಳನ್ನು ಒಂದೊಂದಾಗಿ ಮುಚ್ಚಿ, ಕಡೆಗೆ ಹುಲಿಯನ್ನೇ ನಿಶ್ಚಲಗೊಳಿಸುವ ಆ ದುರ್ಬಲರ ವ್ಯೂಹರಚನೆ, ಸಮಬಲರ ಕಾಳಗವಾದ ಚದುರಂಗಕ್ಕಿಂತಲೂ ನನಗೆ (ಚದುರಂಗಪ್ರಿಯರು ಕ್ಷಮಿಸಬೇಕು) ರಮ್ಯತರವಾಗಿ ತೋರುವುದು. ಗಣಿತದ ಉಪಾಧ್ಯಾಯರು ಒಂದು ಮಧ್ಯಾಹ್ನ ಶಾಲೆಯ ನೆಲದ ಮೇಲೆ ಈ ತ್ರಿಕೋಣವನ್ನು ಬರೆದು ನೋಡಲಿ. ಒಂದು ತುಂಡು ಸೀಮೆಸುಣ್ಣ ಸಾಕು.