ಯಂತ್ರಕ್ಕೆ ಹೇಳಿಕೊಡುವವರು ಯಾರು?

ಕಂಪನಿ ನಾಟಕಗಳ ಕಾಲದಲ್ಲಿ ರಂಗದ ಪಕ್ಕದ ಪರದೆಯ ಮರೆಯಲ್ಲಿ ಒಬ್ಬ ನಾಟಕದ ಪ್ರತಿ ಹಿಡಿದು ನಿಂತಿರುತ್ತಿದ್ದ. ನಟ ಮಾತು ಮರೆತಾಗ ಮೆಲುದನಿಯಲ್ಲಿ ಮುಂದಿನ ಸಾಲು ಹೇಳಿಕೊಡುವುದು ಅವನ ಕೆಲಸ. ಅವನಿಗೆ ಪ್ರಾಂಪ್ಟರ್ ಎಂದು ಹೆಸರು. ಪ್ರೇಕ್ಷಕರಿಗೆ ಅವನು ಕಾಣುತ್ತಿರಲಿಲ್ಲ. ಆದರೆ ಇಡೀ ನಾಟಕ ಅವನ ಕೈಯಲ್ಲಿರುತ್ತಿತ್ತು.

ಆ ಪದವೀಗ ಬೇರೊಂದು ವೇಷದಲ್ಲಿ ನಮ್ಮ ಪೇಟೆ ಬೀದಿಗಳಿಗೆ ಬಂದಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ, ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾವು ಬರೆದುಕೊಡುವ ಸೂಚನೆಗೆ ಪ್ರಾಂಪ್ಟ್ ಎಂಬ ಹೆಸರು ಮನೆಮಾತಾಗಿದೆ. ಅದರ ಹಿಂದೆಯೇ ಒಂದು ಹೊಸ ಬಗೆಯ ಬರವಣಿಗೆಯೂ ಹುಟ್ಟಿಕೊಂಡಿದೆ. ಸಣ್ಣ ವ್ಯಾಪಾರಿಗಳಿಗೆ ನೂರು ಪ್ರಾಂಪ್ಟ್‌ಗಳು, ನಿಮ್ಮ ಅಂಗಡಿಯ ಭಾಗ್ಯ ಬದಲಿಸುವ ಐವತ್ತು ವಾಕ್ಯಗಳು ಎಂಬಂತಹ ಕಿರುಪುಸ್ತಿಕೆಗಳು, ವಿಡಿಯೋಗಳು, ಒಂದು ದಿನದ ತರಬೇತಿ ಶಿಬಿರಗಳು ಮೊಬೈಲ್ ತೆರೆದರೆ ಸಾಕು, ಎದುರಾಗುತ್ತವೆ. ಕತೆ ಕವಿತೆಗಳನ್ನು ವಿಮರ್ಶಿಸುವ ನಾವು ಈ ಬರವಣಿಗೆಯನ್ನೂ ಸ್ವಲ್ಪ ಗಂಭೀರವಾಗಿ ಓದಬೇಕು. ಏಕೆಂದರೆ ಇದನ್ನು ಓದುವವರು ನಮ್ಮ ಪಕ್ಕದ ಬೇಕರಿಯವರು, ದರ್ಜಿಗಳು, ಬಟ್ಟೆ ಅಂಗಡಿಯವರು. ನಂಬಿ ನಡೆಯುವವರೂ ಅವರೇ.

ಈ ಪುಸ್ತಿಕೆಗಳ ಅಚ್ಚು ಬಹುತೇಕ ಒಂದೇ. "ನೀನು ಇಪ್ಪತ್ತು ವರ್ಷಗಳ ಅನುಭವವಿರುವ ಮಾರಾಟ ತಜ್ಞ. ನನ್ನ ಉದ್ಯಮಕ್ಕೆ ಮನಸೆಳೆಯುವ ಜಾಹೀರಾತು ಬರೆ." ಉದ್ಯಮ ಎಂಬಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಬೇಕರಿ, ಸೀರೆ, ಪೀಠೋಪಕರಣ, ಏನು ಬೇಕಾದರೂ ತುಂಬಬಹುದು. ಈ ಅಚ್ಚಿನಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಯಾರಿಗಾಗಿ ಬರೆಯಬೇಕು, ಎಷ್ಟು ಉದ್ದ ಬರೆಯಬೇಕು, ಯಾವ ಧಾಟಿಯಲ್ಲಿ ಬರೆಯಬೇಕು ಎಂಬುದನ್ನು ಮೊದಲೇ ಹೇಳಬೇಕೆಂದು ಅವು ಕಲಿಸುತ್ತವೆ. ಅದು ಸರಿಯಾದ ಪಾಠ. ಆದರೆ ಅವುಗಳ ಮೂಲ ದೋಷವಿರುವುದು ಆ ಖಾಲಿ ಜಾಗದಲ್ಲಿ. ಒಂದು ಪದದಷ್ಟೇ ಅಗಲ ಬಿಟ್ಟಿರುವ ಆ ಜಾಗದಲ್ಲಿ ವ್ಯಾಪಾರಿಯ ಇಡೀ ತಿಳಿವಳಿಕೆ ಕೂರಬೇಕಿತ್ತು.

ಇಳಕಲ್ ಸೀರೆ ಮಾರುವ ಗೆಳೆಯರೊಬ್ಬರ ಅಂಗಡಿಯಲ್ಲಿ ಇದು ನನಗೆ ಮನದಟ್ಟಾಯಿತು. ಅವರು ಇಂತಹದ್ದೇ ಒಂದು ಸಿದ್ಧ ವಾಕ್ಯದಲ್ಲಿ 'ಇಳಕಲ್ ಸೀರೆ' ಎಂದು ತುಂಬಿ ಯಂತ್ರಕ್ಕೆ ಕೊಟ್ಟಿದ್ದರು. ಬಂದ ಜಾಹೀರಾತು ನೋಡಲು ಸೊಗಸಾಗಿಯೇ ಇತ್ತು. ಪರಂಪರೆ ಮತ್ತು ಆಧುನಿಕತೆಯ ಸಂಗಮ ಎಂದು ಆರಂಭವಾಗಿ, ನುರಿತ ನೇಕಾರರು ಕೈಮಗ್ಗದಲ್ಲಿ ನೇಯ್ದ ಶುದ್ಧ ರೇಷ್ಮೆ ಸೀರೆ ಎಂದು ಮುಗಿದಿತ್ತು. ತೊಂದರೆಯೆಂದರೆ, ಮುಂದೆ ಹಾಸಿದ್ದ ಸೀರೆಯ ಒಡಲು ಹತ್ತಿ, ಸೆರಗು ಕೃತಕ ರೇಷ್ಮೆ, ನೇಯ್ದದ್ದು ವಿದ್ಯುತ್ ಮಗ್ಗದಲ್ಲಿ. ಯಂತ್ರ ಮೂರು ಸಾಲಿನಲ್ಲಿ ಎರಡು ಸುಳ್ಳು ಹೇಳಿತ್ತು. ಗೆಳೆಯರು ಅದನ್ನು ಇನ್ನೂರು ಗಿರಾಕಿಗಳಿಗೆ ಕಳಿಸಲು ಬೆರಳು ಎತ್ತಿದ್ದರು.

ಇದು ಸಣ್ಣ ವಿಷಯವಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು, ಕೆಂಪು ಸೆರಗಿನಲ್ಲಿ ಬಿಳಿಯ ಟೋಪ ತೆನಿ ಮೂಡಿಸುವುದು ಅಲ್ಲಿನ ನೇಕಾರರ ಹೆಗ್ಗುರುತು. ಕೈಮಗ್ಗದ ಬಟ್ಟೆಯನ್ನು ಗುರುತಿಸಲೆಂದೇ 2006ರಲ್ಲಿ ಕೇಂದ್ರ ಸರ್ಕಾರ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಯನ್ನು ತಂದಿತು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರಿದರೆ ಮೋಸ ಹೋಗುವುದು ಕೊಂಡವರು ಮಾತ್ರವಲ್ಲ; ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತ ನೇಕಾರನ ಕೂಲಿಗೂ ಕಲ್ಲು ಬೀಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಪ್ಪೆಂದೇ ಪರಿಗಣಿಸುತ್ತದೆ. ಅದನ್ನು ಬರೆದದ್ದು ಯಂತ್ರ ಎಂಬುದು ಗಿರಾಕಿಯ ಮುಂದೆಯೂ ಉತ್ತರವಾಗದು, ಕಾಯ್ದೆಯ ಮುಂದೆಯೂ ಉತ್ತರವಾಗದು.

ಯಂತ್ರ ಹೀಗೇಕೆ ಮಾಡುತ್ತದೆ? ಅದಕ್ಕೆ ದುರುದ್ದೇಶವೇನೂ ಇಲ್ಲ. ಈವರೆಗೆ ಬಂದ ಪದಗಳ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಅದು ವಾಕ್ಯ ಕಟ್ಟುತ್ತದೆ. ಸೀರೆಯ ಜಾಹೀರಾತುಗಳಲ್ಲಿ 'ಶುದ್ಧ ರೇಷ್ಮೆ' ಎಂಬುದು ಪದೇ ಪದೇ ಬಂದಿರುವುದರಿಂದ ಇಲ್ಲಿಯೂ ಅದೇ ಬಂತು. ನೀವು ಹೇಳದೆ ಬಿಟ್ಟದ್ದನ್ನು ಅದು ಲೋಕರೂಢಿಯಿಂದ ತುಂಬಿಕೊಳ್ಳುತ್ತದೆ. 'ನೀನು ಮಹಾ ತಜ್ಞ' ಎಂದು ಹೊಗಳಿದರೆ ಅದರ ಧಾಟಿ ಬದಲಾಗಬಹುದು, ತಜ್ಞರ ಪರಿಭಾಷೆ ಬರಬಹುದು. ನಿಮ್ಮ ಕಪಾಟಿನಲ್ಲಿರುವ ಸೀರೆಯ ನೂಲು ಯಾವುದೆಂಬ ಜ್ಞಾನ ಮಾತ್ರ ಬರುವುದಿಲ್ಲ. ಆ ಜ್ಞಾನ ಇರುವುದು ವ್ಯಾಪಾರಿಯ ಬಳಿ.

ನಾವಿಬ್ಬರೂ ಕೂತು ಇನ್ನೊಂದು ಪ್ರಾಂಪ್ಟ್ ಬರೆದೆವು. "ನನ್ನದು ಇಳಕಲ್ ಸೀರೆ ಅಂಗಡಿ. ಈ ಸೀರೆಯ ಒಡಲು ಹತ್ತಿ, ಸೆರಗು ಕೃತಕ ರೇಷ್ಮೆ. ವಿದ್ಯುತ್ ಮಗ್ಗದ್ದು. ಅಂಚು ಗೋಮಿ, ಬಣ್ಣ ದಾಳಿಂಬೆ ಕೆಂಪು. ಬೆಲೆ ಇಷ್ಟು, ಅಂಚೆ ವೆಚ್ಚ ಬೇರೆ. ಓದುವವರು ನನ್ನ ಹಳೆಯ ಗಿರಾಕಿಗಳು, ಹೆಚ್ಚಿನವರು ಶಿಕ್ಷಕಿಯರು, ವಾಟ್ಸಾಪ್‌ನಲ್ಲಿ ಓದುತ್ತಾರೆ. ಐದು ಸಾಲು ಮೀರಬಾರದು. ನಾನು ಹೇಳದ ಯಾವ ಗುಣವನ್ನೂ ಸೇರಿಸಬೇಡ. ಏನಾದರೂ ತಿಳಿಯದಿದ್ದರೆ ಬರೆಯುವ ಮೊದಲು ನನ್ನನ್ನು ಕೇಳು. ನಾನು ಹಿಂದೆ ಕಳಿಸಿದ ಎರಡು ಸಂದೇಶಗಳು ಕೆಳಗಿವೆ, ಅದೇ ಧಾಟಿಯಲ್ಲಿ ಬರೆ."

ಇದರಲ್ಲಿ ಮಂತ್ರವೇನೂ ಇಲ್ಲ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಹೇಳಿಕೊಡುವಷ್ಟನ್ನು ಯಂತ್ರಕ್ಕೂ ಹೇಳಿದೆವು, ಅಷ್ಟೆ. ಆದರೆ 'ವಿದ್ಯುತ್ ಮಗ್ಗದ್ದು' ಎಂಬ ಪದ ಬರೆಯುವಾಗ ಗೆಳೆಯರ ಕೈ ತಡೆಯಿತು. "ಕೇಳಿದ್ರ ಹೇಳ್ತೀನ್ರಿ. ಕೇಳಲಿಲ್ಲಂದ್ರ ನಾನಾಗಿ ಯಾಕ ಹೇಳ್ಲಿ?" ಎಂದರು. ಪ್ರಾಂಪ್ಟ್ ಬರೆಯುವ ಕಲೆಯ ನಿಜವಾದ ಕಷ್ಟ ಇರುವುದು ಇಲ್ಲಿ. ಯಾವ ಪುಸ್ತಿಕೆಯೂ ಇದನ್ನು ಹೇಳುವುದಿಲ್ಲ. ಒಳ್ಳೆಯ ಪ್ರಾಂಪ್ಟ್ ಬರೆಯಬೇಕಾದರೆ ವ್ಯಾಪಾರಿ ತನ್ನ ಸರಕಿನ ಬಗ್ಗೆ ಮೊದಲು ತಾನೇ ನಿಜ ಹೇಳಿಕೊಳ್ಳಬೇಕಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಗೆಳೆಯರು ಆ ಪದವನ್ನು ಹಾಗೆಯೇ ಬಿಟ್ಟರು. ಜೊತೆಗೆ, ತಮ್ಮಲ್ಲಿ ಕೈಮಗ್ಗದ ಸೀರೆಯೂ ಇದೆ, ಅದರ ಬೆಲೆ ಏಕೆ ಹೆಚ್ಚು ಎಂಬುದನ್ನು ಬೇರೆ ಸಂದೇಶದಲ್ಲಿ ತಿಳಿಸುತ್ತೇನೆ ಎಂಬ ಸಾಲನ್ನೂ ಸೇರಿಸಿದರು. ಆ ಸಾಲು ಯಂತ್ರಕ್ಕೆ ಹೊಳೆದದ್ದಲ್ಲ.

ಭಾಷೆಯ ಮಾತೂ ಇದೆ. ಈ ಪುಸ್ತಿಕೆಗಳ ಮಾದರಿಗಳು ಬಹುಪಾಲು ಇಂಗ್ಲಿಷಿನವು. ಹಾಗಾಗಿ ಕನ್ನಡದಲ್ಲಿ ಬರುವ ಉತ್ತರವೂ ಅನುವಾದದ ವಾಸನೆ ಹೊಡೆಯುತ್ತದೆ. 'ನಿಮ್ಮ ಸೌಂದರ್ಯವನ್ನು ಅನಾವರಣಗೊಳಿಸಿ' ಎಂದು ಯಾವ ಅಂಗಡಿಯವನೂ ತನ್ನ ಗಿರಾಕಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಇದಕ್ಕೆ ಮದ್ದು ಮಾದರಿ ಕೊಡುವುದು. ಕೆಲವೇ ಉದಾಹರಣೆಗಳನ್ನು ಮುಂದಿಟ್ಟರೆ ಇಂತಹ ಯಂತ್ರಗಳು ಅದೇ ಜಾಡು ಹಿಡಿಯುತ್ತವೆ ಎಂಬುದನ್ನು ಜಿಪಿಟಿ-3 ಕುರಿತ 2020ರ ಸಂಶೋಧನಾ ಪ್ರಬಂಧವೇ ತೋರಿಸಿತ್ತು. ನಮ್ಮದೇ ಹಳೆಯ ಸಂದೇಶಗಳು, ನಾವು ಆಡುವ ಮಾತಿನ ಎರಡು ಸಾಲುಗಳು ಹತ್ತು ವಿಶೇಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಹಾಗೆಯೇ ಗೊತ್ತಿಲ್ಲದ ಭಾಷೆಯಲ್ಲಿ ಬರೆಸಿ ಕಳಿಸುವ ದುಡುಕು ಬೇಡ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಬೇಡಿಕೆ ಇದೆ. ಆದರೆ ಯಂತ್ರ ಬರೆದ ಮರಾಠಿಯನ್ನು ಮರಾಠಿ ಬಲ್ಲ ಒಬ್ಬರಾದರೂ ಓದಿದ ಮೇಲೆಯೇ ಅದು ಅಂಗಡಿಯ ಮಾತಾಗಬೇಕು.

ಯಂತ್ರದ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಕೆನಡಾದಿಂದ ಒಂದು ಉತ್ತರ ಬಂದಿದೆ. ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಚಾಟ್‌ಬಾಟ್, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನಿಗೆ ರಿಯಾಯಿತಿ ದರದ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ತಳ್ಳಿಹಾಕಿ, ಸುಮಾರು 650 ಕೆನಡಿಯನ್ ಡಾಲರ್ ಪರಿಹಾರ ಕೊಡಿಸಿತು. ದೊಡ್ಡ ಸಂಸ್ಥೆ ಆ ನಷ್ಟವನ್ನು ತಾಳಿಕೊಳ್ಳಬಲ್ಲದು. ಒಂದು ಬೀದಿಯ ನಂಬಿಕೆಯ ಮೇಲೆ ನಿಂತ ಅಂಗಡಿ ತಾಳಿಕೊಳ್ಳಬಲ್ಲದೇ?

ಇನ್ನೊಂದು ಎಚ್ಚರವೂ ಬೇಕು. ವಿವರ ಕೊಡಬೇಕು ಎಂದಾಗ ಎಲ್ಲ ವಿವರವನ್ನೂ ಎಂದರ್ಥವಲ್ಲ. ಗಿರಾಕಿಗಳ ಫೋನ್ ಸಂಖ್ಯೆಗಳು, ಯಾರ ಉದ್ರಿ ಎಷ್ಟು ಬಾಕಿಯಿದೆ ಎಂಬ ಖಾತೆ ಪುಸ್ತಕದ ಪುಟಗಳು ನಮ್ಮನ್ನು ನಂಬಿ ಕೊಟ್ಟವು. ಬಾಕಿ ಕೇಳುವ ಸಭ್ಯ ಪತ್ರ ಬರೆಸಬೇಕಾದರೆ ಹೆಸರು, ಸಂಖ್ಯೆ ಬಿಟ್ಟು ಬರೆಸಿ, ಅವನ್ನು ಕೊನೆಯಲ್ಲಿ ಕೈಯಿಂದ ಸೇರಿಸಿದರೆ ಸಾಕು.

ಯಂತ್ರವನ್ನು ಬಳಸಬೇಡಿ ಎಂಬುದು ಈ ಬರಹದ ಇಂಗಿತವಲ್ಲ. ಬರೆಯುವುದು ಕಷ್ಟವೆನ್ನುವ, ಗುಮಾಸ್ತನನ್ನು ಇಟ್ಟುಕೊಳ್ಳಲಾಗದ ಸಣ್ಣ ವ್ಯಾಪಾರಿಗೆ ಇದು ನಿಜಕ್ಕೂ ಉಪಕಾರಿ. ಆಕ್ಷೇಪ ಇರುವುದು, ಹಿಂದುಳಿದುಬಿಡುತ್ತೇನೆಂಬ ಅವನ ಭಯವನ್ನೇ ಬಂಡವಾಳ ಮಾಡಿಕೊಂಡು ಸಿದ್ಧ ವಾಕ್ಯಗಳನ್ನು ಮಾರುವವರ ಬಗ್ಗೆ. ಅವರು ಮಾರುವ ನೂರು ವಾಕ್ಯಗಳಲ್ಲಿ ಅವನ ಅಂಗಡಿ ಇಲ್ಲ, ಅವನ ಗಿರಾಕಿ ಇಲ್ಲ, ಅವನ ಮಾತಿಲ್ಲ. ಊರಿನ ಎಲ್ಲ ಅಂಗಡಿಗಳೂ ಅದೇ ನೂರು ವಾಕ್ಯ ಬಳಸಿದರೆ ಎಲ್ಲರ ಜಾಹೀರಾತೂ ಒಂದೇ ದನಿಯಲ್ಲಿ ಕೂಗುತ್ತದೆ; ಆಗ ಯಾರ ಕೂಗೂ ಕೇಳುವುದಿಲ್ಲ.

ಹಳೆಯ ರಂಗದ ಪ್ರಾಂಪ್ಟರ್ ಪ್ರತಿಯನ್ನು ಎಂದೂ ನಟನ ಕೈಗೆ ಒಪ್ಪಿಸಿ ಮನೆಗೆ ಹೋಗುತ್ತಿರಲಿಲ್ಲ. ಯಂತ್ರದ ಮುಂದೆ ಕೂರುವ ವ್ಯಾಪಾರಿಯೂ ಅಷ್ಟನ್ನು ನೆನಪಿಟ್ಟರೆ ಸಾಕು. ಮಾತು ಯಾರ ಬಾಯಿಂದ ಬಂದರೂ, ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಗಿರಾಕಿಯ ಮುಖ ನೋಡಬೇಕಾದವನು ಅವನೇ.