ಕನಿಕರವೆಂದರೆ ಸಾಲದು: 'ಗೋವಿನ ಹಾಡಿ'ನಲ್ಲಿ ಸಹಾನುಭೂತಿ

ಮರುಕ, ಕನಿಕರ, ದಯೆ, ಕರುಣೆ, ಅನುಕಂಪ, ಸಹಾನುಭೂತಿ ಎಂಬ ಆರು ಶಬ್ದಗಳನ್ನು ಒಂದಕ್ಕೊಂದು ಅರ್ಥವಾಗಿ ಹೇಳಿಬಿಡುವುದು ನಮ್ಮ ತರಗತಿಗಳಲ್ಲಿ ವಾಡಿಕೆ. ಬಾಲಕನು ಒಂದರ ಮುಂದೆ ಮತ್ತೊಂದನ್ನು ಬರೆದರೆ ನಾವು ಅಂಕವನ್ನಿತ್ತು ಮುಂದೆ ಸಾಗುತ್ತೇವೆ. ಪರೀಕ್ಷೆಗೆ ಇಷ್ಟು ಸಾಕಾದೀತು, ಕಾವ್ಯಕ್ಕೆ ಸಾಲದು. ನಾವೆಲ್ಲರೂ ಕಲಿಸುವ 'ಗೋವಿನ ಹಾಡ'ನ್ನು ಮುಂದಿರಿಸಿಕೊಂಡು ಈ ಮಾತನ್ನು ಪರಿಶೀಲಿಸಬಹುದು.

ಮೊದಲು ಶಬ್ದವಿಚಾರ. 'ಕಂಪ'ವೆಂದರೆ ನಡುಕ. ಇನ್ನೊಬ್ಬನ ನಡುಕವನ್ನನುಸರಿಸಿ ನಮ್ಮ ಎದೆಯೂ ನಡುಗುವುದು ಅನುಕಂಪ. ಇನ್ನೊಬ್ಬನ ಅನುಭವದಲ್ಲಿ ಜೊತೆಗೂಡುವುದು ಸಹಾನುಭೂತಿ. ದಯೆ ಕನಿಕರಗಳ ಬಳಕೆಯಲ್ಲಿ ತೋರುವವನು ಮೇಲೆ, ಪಡೆಯುವವನು ಕೆಳಗೆ. ಸಹಾನುಭೂತಿಯಲ್ಲಿ ಇಬ್ಬರೂ ಒಂದೇ ಜಗಲಿಯಲ್ಲಿ ಕುಳಿತಿರುತ್ತಾರೆ. ಇಂಗ್ಲಿಷಿನ 'ಎಂಪಥಿ' ಎಂಬ ಶಬ್ದವನ್ನು 1909ರಲ್ಲಿ ಟಿಚನರ್ ಎಂಬ ಮನಶ್ಶಾಸ್ತ್ರಜ್ಞನು ಜರ್ಮನ್ ಭಾಷೆಯ 'ಐನ್‌ಫ್ಯೂಲುಂಗ್' ಎಂಬುದಕ್ಕೆ ಸಮನಾಗಿ ರಚಿಸಿದನು. ಒಳಹೊಕ್ಕು ಭಾವಿಸುವುದೆಂಬುದು ಅದರ ಅರ್ಥ. ಅದು ಬೆಳೆದದ್ದು ಕಲಾವಿಚಾರದಲ್ಲಿ. ನಮ್ಮ ಅಭಿನವಗುಪ್ತನಾದರೋ ಸುಮಾರು ಸಾವಿರ ವರ್ಷಗಳ ಹಿಂದೆಯೇ, ಕಾವ್ಯಾಭ್ಯಾಸದಿಂದ ಮನದ ಕನ್ನಡಿ ನಿರ್ಮಲವಾಗಿ, ವರ್ಣಿತ ವಸ್ತುವಿನಲ್ಲಿ ತನ್ಮಯನಾಗಬಲ್ಲವನನ್ನು ಸಹೃದಯನೆಂದು ಕರೆದನು.

ಇನ್ನು ಹಾಡಿಗೆ ಬರೋಣ. ಕರುವಿಗೆ ಹಾಲೂಡಿಸಿ ಬರುವೆನೆಂದು ಪುಣ್ಯಕೋಟಿ ಬೇಡಿದಾಗ ಹಸಿದ ಹುಲಿ ಮೊದಲು ನಂಬುವುದಿಲ್ಲ. ಆಣೆಯಿಟ್ಟ ಮೇಲೆ ಬಿಡುತ್ತದೆ. ಇಲ್ಲಿರುವುದು ಹೆಚ್ಚೆಂದರೆ ಕನಿಕರ. ಕೊಲ್ಲುವ ಅಧಿಕಾರ ಇನ್ನೂ ಹುಲಿಯದೇ. ದೊಡ್ಡಿಗೆ ಬಂದ ತಾಯಿ ಒಡನಾಡಿ ಹಸುಗಳಲ್ಲಿ ಕೇಳಿಕೊಳ್ಳುವುದು ಕರುವಿಗೆ ಭಿಕ್ಷೆಯನ್ನಲ್ಲ. ಅದನ್ನು ತಮ್ಮದೆಂದೇ ಕಾಣುವ ದೃಷ್ಟಿಯನ್ನು. ಸಹಾನುಭೂತಿಯ ಮೊದಲ ಪಾಠವಿದು.

ಎರಡನೆಯ ಪಾಠವು ಬೋಧನೆಯಲ್ಲಿ ಬಹುಮಟ್ಟಿಗೆ ತಪ್ಪಿಹೋಗುತ್ತದೆ. ಮರಳಿ ಬಂದ ಪುಣ್ಯಕೋಟಿ ತನ್ನ ದೇಹವನ್ನೊಪ್ಪಿಸುವುದಷ್ಟೇ ಅಲ್ಲ, ಅದನ್ನುಂಡು ಹುಲಿ ಸುಖವಾಗಿರಲೆಂದೂ ಬಯಸುತ್ತಾಳೆ. ನಾವು ಇದನ್ನು ಸತ್ಯಪಾಲನೆಯೆಂದಷ್ಟೇ ವಿವರಿಸುತ್ತೇವೆ. ಆದರೆ ಹಸಿವೆಂದರೇನೆಂಬುದನ್ನು ಆಗತಾನೆ ಕರುವಿಗೆ ಮೊಲೆಯೂಡಿ ಬಂದ ತಾಯಿ ಬಲ್ಲಳು. ಕರುವಿನಲ್ಲಿ ಕಂಡ ಹಸಿವನ್ನೇ ಅವಳು ಹುಲಿಯಲ್ಲಿಯೂ ಕಾಣುತ್ತಾಳೆಂದು ನಾವು ಓದುತ್ತೇವೆ. ಹುಲಿಯ ಮನಸ್ಸನ್ನು ಕರಗಿಸಿದ್ದು ಅವಳ ಸತ್ಯವೊಂದೇ ಅಲ್ಲ, ಈ ನೋಟವೂ ಹೌದು. ಆದುದರಿಂದಲೇ ಅದು ಆಹಾರವಾಗಿದ್ದವಳನ್ನು ಅಕ್ಕನೆಂದು ಗುರುತಿಸುತ್ತದೆ.

ಆ ಬಳಿಕ ಹುಲಿ ಪ್ರಾಣ ಬಿಡುತ್ತದೆ. ಇದನ್ನು ಸಹಾನುಭೂತಿಯ ಶಿಖರವೆನ್ನುವವರಿದ್ದಾರೆ. ನಾವು ಪೂರ್ಣವಾಗಿ ಒಪ್ಪಲಾರೆವು. ಅನ್ಯರ ನೋವನ್ನು ಹೊಕ್ಕವನು ತನ್ನ ನೆಲೆಗೆ ಮರಳಿ ಬರಬೇಕು. ಮರಳದಿದ್ದರೆ ಅದು ಮುಳುಗುವಿಕೆ. ಹಸುವಿಗೆ ಹುಲಿಯ ಹಸಿವನ್ನು ಕಾಣುವ ಕಣ್ಣನ್ನಿತ್ತ ಕವಿ, ತನ್ನ ಹಸಿವನ್ನೇ ಕ್ಷಮಿಸಿಕೊಳ್ಳುವ ಕಣ್ಣನ್ನು ಹುಲಿಗೆ ಕೊಡಲಿಲ್ಲ. ಹಾಡು ಮುಗಿಯುತ್ತದೆ. ಹುಲಿಗಾಗಿ ಮರುಗುವ ಕೆಲಸ ಓದುಗನ ಪಾಲಿಗೆ ಉಳಿಯುತ್ತದೆ.

ಆದಕಾರಣ "ಹುಲಿ ಮಾಡಿದ ತಪ್ಪೇನು?" ಎಂದು ತರಗತಿಯಲ್ಲಿ ಮಗುವೊಂದು ಕೇಳಿದರೆ, ಸತ್ಯದ ಮಹಿಮೆಯನ್ನು ಹೇಳಿ ಅದರ ಬಾಯಿ ಮುಚ್ಚಿಸಬಾರದು. ಆ ಮಗು ಪದಕೋಶವನ್ನು ದಾಟಿ ಕಾವ್ಯವನ್ನು ಹೊಕ್ಕಿದೆ. ನಮ್ಮ ಗಡಿನಾಡಿನ ಶಾಲೆಗಳಲ್ಲಿ ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಆಡುವ ಮಕ್ಕಳೂ ಕುಳಿತಿರುತ್ತಾರೆ. ಅವರ ಮನೆಮಾತಿನಲ್ಲಿ ಈ ಭಾವಕ್ಕೆ ಏನೆನ್ನುವರೆಂದು ಮೊದಲು ಕೇಳಿ, ಬಳಿಕ ಕನ್ನಡದ ಶಬ್ದವನ್ನು ಹಲಗೆಯ ಮೇಲೆ ಬರೆದರೆ, ಸಹಾನುಭೂತಿಯ ಅರ್ಥವನ್ನು ಹೇಳುವುದಕ್ಕೆ ಮುನ್ನವೇ ನಾವು ಅದನ್ನು ಆಚರಿಸಿದಂತಾಗುತ್ತದೆ.